ಪದವಿ ಹೋಯ್ತು, ಹೆಸರು ಉಳೀತು! ಯಾರು ಈ 'ಮಿರ್ಜಾ'?

ಅರ್ಜಿ ಫಾರಂನಲ್ಲಿ ಇರುವುದು ಎರಡೇ ಖಾನೆ. ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಆರ್.ಟಿ.ನಗರ, ಹೆಬ್ಬಾಳ, ಯಶವಂತಪುರದ ಕಡೆ ಯಾರಾದರೂ 'ಮಿರ್ಜಾ' ಹೆಸರಿನವರು ಕೌಂಟರಿನ ಮುಂದೆ ನಿಂತರೆ ಗುಮಾಸ್ತರಿಗೆ ತಲೆಬಿಸಿ. ಇದು ಹೆಸರೋ, ಮನೆತನವೋ, ಬಿರುದೋ? ಒಂದು ಕಾಗದದಲ್ಲಿ ಮಿರ್ಜಾ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ನಾಪತ್ತೆ! ಆಮೇಲೆ ಅಫಿಡವಿಟ್ ಮಾಡಿಸೋಕೆ ನೋಟರಿ ಹತ್ತಿರ ಓಡಾಟ.

ಗುಮಾಸ್ತರ ತಪ್ಪೂ ಅಲ್ಲ. ಈ ಪದವೇ ಜಾಗ ಬದಲಾಯಿಸುವ ಪದ. 'ಅಮೀರ್' ಎಂದರೆ ಒಡೆಯ, 'ಜಾದಾ' ಎಂದರೆ ಹುಟ್ಟಿದವನು. ಅಮೀರ್‌ಜಾದಾ ಸವೆದು ಸವೆದು ಪರ್ಷಿಯನ್ ಬಾಯಲ್ಲಿ ಮಿರ್ಜಾ ಆಯಿತು. ಅರ್ಥ, ಒಡೆಯನ ಮಗ, ರಾಜಕುಮಾರ. ಬಾಬರನ ತಂದೆ ಉಮರ್ ಶೇಖ್ ಮಿರ್ಜಾ. ಇರಾನಿನಲ್ಲಿ ಹೆಸರಿನ ಹಿಂದೆ ಬಂದರೆ ರಾಜವಂಶ, ಮುಂದೆ ಬಂದರೆ ಓದು ಬರಹ ಬಲ್ಲ ಮುನ್ಷಿ ಎಂಬ ಲೆಕ್ಕ ಬೆಳೆಯಿತು. ಹಿಂದುಸ್ತಾನಕ್ಕೆ ಬಂದ ಮೇಲೆ ಅದು ಮನೆಮಂದಿಯ ಹೆಸರೇ ಆಗಿಹೋಯಿತು.

ನಮ್ಮೂರಿಗೆ ಈ ಹೆಸರು ಹೊಸದೇನಲ್ಲ. 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಹುಟ್ಟಿದ್ದು 1883ರಲ್ಲಿ ಇದೇ ಬೆಂಗಳೂರಿನಲ್ಲಿ, ತೀರಿಕೊಂಡದ್ದು 1959ರಲ್ಲಿ ಇದೇ ಬೆಂಗಳೂರಿನಲ್ಲಿ. ಅವರ ಅಜ್ಜ ಆಗಾ ಅಲಿ ಆಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬಂದವರು. ಕನ್ನಿಂಗ್‌ಹ್ಯಾಂ ರಸ್ತೆ ಬಳಿಯ ಅಲಿ ಆಸ್ಕರ್ ರಸ್ತೆ ಅವರ ಹೆಸರಿನದೇ. ಯಶವಂತಪುರದ ಬಸ್ಸಿನವರಿಗೆ ಗೊತ್ತಿರುವ ಮೈಸೂರು ಲ್ಯಾಂಪ್ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ, ಮಿರ್ಜಾ ದಿವಾನಗಿರಿಯ ಕಾಲದಲ್ಲೇ. ಕಾರ್ಖಾನೆ ಬಾಗಿಲು ಹಾಕಿದೆ, ಹೆಸರು ಮಾತ್ರ ಜನರ ಬಾಯಲ್ಲಿದೆ.

ದಿವಾನರ ಹೆಸರಿನ ಮುಂದಿದ್ದ ಬಾಲಗಳನ್ನೇ ನೋಡಿ. 'ಸರ್' ಬ್ರಿಟಿಷರು ಕೊಟ್ಟದ್ದು. 'ಅಮೀನ್‌ಉಲ್‌ಮುಲ್ಕ್' ಮಹಾರಾಜರು ಕೊಟ್ಟದ್ದು. 'ಮಿರ್ಜಾ' ಮಾತ್ರ ಯಾವ ದೊರೆಯೂ ಕೊಟ್ಟದ್ದಲ್ಲ, ಮನೆಯಿಂದ ಬಂದದ್ದು. ಇವತ್ತು ಜನ ನೆನಪಿಟ್ಟಿರುವುದು ಆ ಮೂರನೆಯದನ್ನೇ. ಮುಂದೆ ಅವರು ದಿವಾನರಾಗಿ ಹೋದ ಜೈಪುರದಲ್ಲೂ ದೊಡ್ಡ ಪೇಟೆ ಬೀದಿಗೆ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು.

ಹಾಗಾದರೆ ಕಾನೂನು ಏನನ್ನುತ್ತೆ? ಇರಾನ್ 1925ರಲ್ಲೇ ಹಳೇ ಬಿರುದುಗಳನ್ನು ರದ್ದು ಮಾಡಿ, ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಿ ಎಂದಿತು. ನಮ್ಮ ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನೇ ನಿಲ್ಲಿಸಿತು. ಸೇನೆ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಯನ್ನೂ ಹೆಸರಿಗೆ ಅಂಟಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೆ ಅಪ್ಪ ಅಮ್ಮ ಇಟ್ಟ ಹೆಸರು ಬಿರುದಲ್ಲ. ಅದನ್ನು ಬಿಡು ಅಂತ ಯಾರೂ ಹೇಳುವಂತಿಲ್ಲ.

ನಗುವ ಮುಂಚೆ ನಮ್ಮ ಮನೆ ಕಡೆಯೂ ನೋಡಬೇಕು ಸ್ವಾಮಿ. ಯಲಹಂಕದ ನಾಡಪ್ರಭು ಕೆಂಪೇಗೌಡರ ಹೆಸರಿನಲ್ಲೇ ಗೌಡಿಕೆ ಇದೆ. ಊರಿನ ಯಜಮಾನಿಕೆಯ ಪದ ಲಕ್ಷಾಂತರ ಮಂದಿಯ ಹೆಸರಾಯಿತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1961ರಲ್ಲಿ. ಹುದ್ದೆ ಹೋಯಿತು, ಪಟೇಲ್ ಎಂಬ ಹೆಸರು ಹೋಯಿತೇ? ಜೆ.ಎಚ್.ಪಟೇಲರು 1996ರಲ್ಲಿ ಮುಖ್ಯಮಂತ್ರಿಯೇ ಆದರು! ದೇಸಾಯಿ, ನಾಯಕ, ದಳವಾಯಿ ಎಲ್ಲದರದ್ದೂ ಇದೇ ಕಥೆ.

ಉಳಿದಿರುವ ತಾಪತ್ರಯ ಕಾಗದದ್ದು. ಜನನ ಪತ್ರದಲ್ಲಿ ಮಿರ್ಜಾ ಎಲ್ಲಿದೆಯೋ ಶಾಲೆ ದಾಖಲೆ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಅಲ್ಲೇ, ಅದೇ ಅಕ್ಷರದಲ್ಲಿ ಇರುವಂತೆ ನೋಡಿಕೊಳ್ಳುವುದು ಜಾಣತನ. ಸೈಟು ಭಾಗ ಮಾಡುವಾಗ, ಪಿಂಚಣಿ ಕೇಳುವಾಗ ಸಾಹೇಬರು ನೋಡೋದು ಒಡೆಯನ ಮಗನೋ ಅಲ್ಲವೋ ಅಂತ ಅಲ್ಲ. ಎರಡು ಕಾಗದ ತಾಳೆಯಾಗುತ್ತೋ ಇಲ್ಲವೋ, ಅಷ್ಟೇ.