ಮಿತಿಮೀರಿದ ವೋಲ್ಟೇಜಿನಿಂದ ರೇಡಿಯೋ ಯಂತ್ರವನ್ನು ಕಾಪಾಡುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೂಡಿ ಕೊಟ್ಟ ಹಣದಿಂದ ಕೊಂಡುಕೊಂಡ ಹವ್ಯಾಸಿ ರೇಡಿಯೋ ಯಂತ್ರವು ಕಳೆದ ಮಳೆಗಾಲದ ಒಂದು ಸಾಯಂಕಾಲ ಕೆಟ್ಟು ನಿಂತ ಸಂಗತಿಯು ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿರಬಹುದು. ಕಾಣಿಕೆ ಕೊಟ್ಟವರಿಗೆ ಅದರ ಲೆಕ್ಕವನ್ನು ಒಪ್ಪಿಸುವದು ನಮ್ಮ ಕರ್ತವ್ಯವಾಗಿದೆ. ಅದಲ್ಲದೆ, ಈ ನಷ್ಟದಿಂದ ನಾವು ಕಲಿತುಕೊಂಡ ಪಾಠವು ಮನೆಯಲ್ಲಿ ಇಂಥ ಯಂತ್ರಗಳನ್ನು ಇಟ್ಟುಕೊಂಡವರಿಗೆಲ್ಲ ಉಪಯುಕ್ತವಾದೀತೆಂಬ ನಂಬಿಕೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಹವ್ಯಾಸಿ ರೇಡಿಯೋ ಎಂದರೇನೆಂದು ಪಾಲಕರಲ್ಲಿ ಕೆಲವರು ಕೇಳುವದುಂಟು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರದ ಪರವಾನಿಗೆಯನ್ನು ಪಡೆದವರು, ಯಾವ ಲಾಭದ ಆಶೆಯೂ ಇಲ್ಲದೆ, ದೂರದವರೊಡನೆ ನಿಸ್ತಂತು ಮಾತುಕತೆಯನ್ನು ನಡಿಸುವ ವಿದ್ಯೆಯೇ ಅದು. ಇದು ಬರಿಯ ಕಾಲಹರಣವಲ್ಲ. ೨೦೦೪ನೆಯ ಇಸವಿಯ ದಶಂಬರ ೨೬ರಂದು ಸುನಾಮಿಯು ಅಂಡಮಾನ್ ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ಆ ಕಾಲದಲ್ಲಿ ಪೋರ್ಟ್ ಬ್ಲೇರ್ ಎಂದು ಕರೆಯಲ್ಪಡುತ್ತಿದ್ದ ಪಟ್ಟಣಕ್ಕೆ ಈ ಹವ್ಯಾಸದ ಸಲುವಾಗಿಯೇ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆಯೂ ಅವರ ಸಂಗಡಿಗರೂ ತಮ್ಮ ಯಂತ್ರಗಳ ಮೂಲಕ ಭಾರತದ ನೆಲಕ್ಕೆ ಸುದ್ದಿಯನ್ನು ಮುಟ್ಟಿಸಿದರು. ಆಪತ್ಕಾಲದಲ್ಲಿ ಬೇಕಾಗುವ ಯಂತ್ರವು ಆಪತ್ತು ಬರುವ ಮೊದಲೇ ಸುಟ್ಟುಹೋದರೆ ಪ್ರಯೋಜನವೇನು? ಆದುದರಿಂದ ಅದರ ರಕ್ಷಣೆಯು ಅಲ್ಪ ವಿಷಯವಲ್ಲ.

ಈಗ ಕೇಡಿನ ಕಾರಣವನ್ನು ವಿಚಾರಿಸೋಣ. ನಮ್ಮ ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ರೇಡಿಯೋ ಯಂತ್ರಕ್ಕೆ ಬೇಕಾದದ್ದು ೧೩.೮ ವೋಲ್ಟ್ ಮಾತ್ರ. ಅನೇಕ ಯಂತ್ರಗಳ ಕೈಪಿಡಿಯಲ್ಲಿ ಇದಕ್ಕೆ ನೂರಕ್ಕೆ ೧೫ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿರುತ್ತಾರೆ. ಅಂದರೆ ಸುಮಾರು ೧೬ ವೋಲ್ಟಿನೊಳಗೆ ಇರತಕ್ಕದ್ದು. ಈ ಎರಡರ ನಡುವೆ ನಿಲ್ಲುವ ಪೆಟ್ಟಿಗೆಗೆ ಪವರ್ ಸಪ್ಲೈ ಎಂದು ಹೆಸರು. ನಮ್ಮದು ಹಳೆಯ ಕ್ರಮದ ಭಾರವಾದ ಪೆಟ್ಟಿಗೆ. ಅದರೊಳಗಿನ ಟ್ರಾನ್ಸ್‌ಫಾರ್ಮರು ೨೩೦ನ್ನು ೧೮ ವೋಲ್ಟಿಗೆ ಇಳಿಸುವದು. ಡಯೋಡುಗಳು ಅದನ್ನು ಏಕಮುಖ ಮಾಡುವವು. ದೊಡ್ಡ ಕೆಪಾಸಿಟರು ಅದನ್ನು ತುಂಬಿಟ್ಟುಕೊಳ್ಳುವದು. ಹೀಗೆ ತುಂಬಿದಾಗ ಅದು ೧೮ ಆಗಿರದೆ, ಅಲೆಯ ತುದಿಯ ಎತ್ತರಕ್ಕೇರಿ, ಸುಮಾರು ೨೪ ವೋಲ್ಟ್ ಆಗುವದು. ಅದನ್ನು ೧೩.೮ಕ್ಕೆ ತಗ್ಗಿಸಿ ಹಿಡಿಯುವ ಕೆಲಸವು ಮುಂದಿನ ಟ್ರಾನ್ಸಿಸ್ಟರುಗಳದು.

ಇದನ್ನು ನಾವು ಮಕ್ಕಳಿಗೆ ಕೆರೆಯ ದೃಷ್ಟಾಂತದಿಂದ ತಿಳಿಸುತ್ತೇವೆ. ಕೆಪಾಸಿಟರು ತುಂಬಿದ ಕೆರೆ; ಟ್ರಾನ್ಸಿಸ್ಟರು ಅದರ ತೂಬು; ರೇಡಿಯೋ ಯಂತ್ರವು ಕೆಳಗಿನ ಗದ್ದೆ. ತೂಬು ಅಳತೆಯಾಗಿ ನೀರು ಬಿಡುವ ತನಕ ಪೈರು ಚೆನ್ನಾಗಿರುವದು. ಆದರೆ ತೂಬಿನ ಮೇಲೆ ಬೀಳುವ ಭಾರವೇನು ಕಡಿಮೆಯೇ? ೨೦ ಆಂಪಿಯರ್ ಹರಿಯುವಾಗ ೮ ವೋಲ್ಟನ್ನು ಅದು ತಡೆದು ನಿಲ್ಲಿಸಿದರೆ, ೧೬೦ ವ್ಯಾಟಿನಷ್ಟು ಕಾವು ಅದರಲ್ಲಿಯೇ ಹುಟ್ಟುವದು. ಗಾಳಿಯಾಡದ ಮೂಲೆಯಲ್ಲಿ ಪೆಟ್ಟಿಗೆಯನ್ನಿಟ್ಟರೆ ಟ್ರಾನ್ಸಿಸ್ಟರು ಕಾದು ಸಾಯುವದು. ಸಾಯುವಾಗ ಅದು ಬಹಳ ಸಾರಿ ಮುಚ್ಚಿಕೊಳ್ಳದೆ, ಪೂರ್ತಿ ತೆರೆದುಕೊಂಡೇ ಸಾಯುವದು. ಆಗ ೨೪ ವೋಲ್ಟೂ ತಡೆಯಿಲ್ಲದೆ ರೇಡಿಯೋ ಯಂತ್ರದೊಳಕ್ಕೆ ನುಗ್ಗುವದು. ನಮ್ಮಲ್ಲಿ ನಡೆದದ್ದು ಇದೇ.

ಫ್ಯೂಸು ಇರಲಿಲ್ಲವೇ ಎಂದು ನೀವು ಕೇಳುವಿರಿ. ಇತ್ತು, ಅದು ಕರಗಿಯೂ ಇತ್ತು. ಆದರೆ ಫ್ಯೂಸು ನೋಡುವದು ಹರಿವಿನ ಪ್ರಮಾಣವನ್ನೇ ಹೊರತು ಒತ್ತಡವನ್ನಲ್ಲ. ಮಿತಿಮೀರಿದ ಒತ್ತಡವು ಮೊದಲು ಒಳಗಿನ ಸೂಕ್ಷ್ಮ ಭಾಗಗಳನ್ನು ಕೊಂದು, ಅವು ಸತ್ತು ದಾರಿ ಬಿಟ್ಟ ಮೇಲೆಯೇ ಹರಿವು ಹೆಚ್ಚಿ ಫ್ಯೂಸು ಕರಗುವದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಹಾಗಾದರೆ ಉಪಾಯವೇನು? ಹವ್ಯಾಸಿಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಒಂದು ಸಣ್ಣ ಏರ್ಪಾಡುಂಟು. ಅದಕ್ಕೆ ಕ್ರೋಬಾರ್ ಎಂದು ಹೆಸರು. ಕ್ರೋಬಾರ್ ಎಂದರೆ ನಮ್ಮ ಹಾರೆಯೇ. ಆಪತ್ತಿನ ಕ್ಷಣದಲ್ಲಿ ಎರಡು ತಂತಿಗಳ ಮೇಲೆ ಅಡ್ಡಲಾಗಿ ಹಾರೆಯನ್ನು ಎಸೆದಂತೆ ಅವನ್ನು ಒಂದುಗೂಡಿಸುವದರಿಂದ ಈ ಹೆಸರು ಬಂತು. ಪವರ್ ಸಪ್ಲೈಯ ಹೊರಬಾಯಿಗೆ ಎಸ್.ಸಿ.ಆರ್. ಎಂಬ ಸಾಧನವನ್ನು ಅಡ್ಡಲಾಗಿ ಜೋಡಿಸುವರು. ಸಾಧಾರಣ ಕಾಲದಲ್ಲಿ ಅದು ನಿದ್ರಿಸುತ್ತಿರುವದು. ಝೀನರ್ ಡಯೋಡೆಂಬ ಕಾವಲುಗಾರನು ವೋಲ್ಟೇಜನ್ನು ಎಡೆಬಿಡದೆ ನೋಡುತ್ತಿದ್ದು, ಅದು ಸುಮಾರು ೧೫ನ್ನು ಮುಟ್ಟಿದೊಡನೆ ಎಸ್.ಸಿ.ಆರನ್ನು ಎಬ್ಬಿಸುವನು. ಅದು ಎದ್ದ ಕೂಡಲೇ ವೋಲ್ಟೇಜು ಒಂದೆರಡಕ್ಕೆ ಕುಸಿಯುವದು. ಹರಿವೆಲ್ಲ ರೇಡಿಯೋ ಯಂತ್ರವನ್ನು ಬಿಟ್ಟು ಈ ಅಡ್ಡದಾರಿಯಲ್ಲಿ ನುಗ್ಗುವದು. ಆ ನುಗ್ಗಿಗೆ ಫ್ಯೂಸು ಕರಗಿ ಎಲ್ಲವೂ ನಿಲ್ಲುವದು. ಕೆರೆಗೆ ಕೋಡಿ ಇದ್ದಂತೆ ಇದು. ಆದರೆ ಕೋಡಿಯು ಹೆಚ್ಚಾದ ನೀರನ್ನು ಮಾತ್ರ ಬಿಟ್ಟುಕೊಡುವದು. ಇದಾದರೋ ಒಮ್ಮೆ ತೆರೆಯಿತೆಂದರೆ ಹರಿವು ನಿಲ್ಲುವ ವರೆಗೆ ಮುಚ್ಚದು.

ಇದನ್ನು ಜೋಡಿಸುವಲ್ಲಿ ನಾಲ್ಕು ಎಚ್ಚರಿಕೆಗಳನ್ನು ಮರೆಯಬಾರದು. ಮೊದಲನೆಯದು, ಫ್ಯೂಸನ್ನು ಕೆಪಾಸಿಟರಿಗೂ ಟ್ರಾನ್ಸಿಸ್ಟರುಗಳಿಗೂ ನಡುವೆ ಇಡಬೇಕು, ಎಸ್.ಸಿ.ಆರ್. ಫ್ಯೂಸಿಗಿಂತ ಗಟ್ಟಿಯಾಗಿರಬೇಕು, ಅದೇ ಮೊದಲು ಸುಟ್ಟುಹೋದರೆ ಕಾವಲೇ ಇಲ್ಲದಂತಾಗುವದು. ಎರಡನೆಯದು, ಎಚ್ಚರಿಕೆಯ ಮಟ್ಟವನ್ನು ೧೩.೮ಕ್ಕೆ ತೀರ ಹತ್ತಿರ ಇಡಬಾರದು. ಇಟ್ಟರೆ ನಮ್ಮ ಯಂತ್ರದ ರೇಡಿಯೋ ಅಲೆಗಳೇ ತಂತಿಯಲ್ಲಿ ಸೇರಿ ಅದನ್ನು ವೃಥಾ ಎಬ್ಬಿಸುವವು, ಎಸ್.ಸಿ.ಆರಿನ ಗೇಟಿಗೆ ಚಿಕ್ಕ ಕೆಪಾಸಿಟರೊಂದನ್ನು ಹಾಕುವದೂ ಇದೇ ಕಾರಣದಿಂದ. ಮೂರನೆಯದು, ಪವರ್ ಸಪ್ಲೈಗೆ ಬ್ಯಾಟರಿಯನ್ನೂ ಜೋಡಿಸಿದ್ದರೆ, ಹಾರೆಯು ಬಿದ್ದಾಗ ಬ್ಯಾಟರಿಯೂ ತನ್ನ ಶಕ್ತಿಯನ್ನೆಲ್ಲ ಅದರೊಳಕ್ಕೆ ಸುರಿದು ತಂತಿಗಳನ್ನು ಸುಡುವದು. ಆದುದರಿಂದ ಬ್ಯಾಟರಿಯ ಬಾಯಲ್ಲಿಯೇ ಪ್ರತ್ಯೇಕ ಫ್ಯೂಸು ಇರತಕ್ಕದ್ದು. ನಾಲ್ಕನೆಯದು, ಕಟ್ಟಿದ ಮೇಲೆ ಪರೀಕ್ಷಿಸದೆ ನಂಬಬಾರದು. ರೇಡಿಯೋ ಯಂತ್ರವನ್ನು ದೂರವಿಟ್ಟು, ಹರಿವಿಗೆ ಮಿತಿಯುಳ್ಳ ಬೇರೊಂದು ಸಪ್ಲೈಯಿಂದ ಈ ಏರ್ಪಾಡೊಂದಕ್ಕೇ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಿ, ಎಷ್ಟಕ್ಕೆ ಕುಸಿಯುವದೆಂಬದನ್ನು ಮೀಟರಿನಲ್ಲಿ ನೋಡಿ ಬರೆದಿಡಬೇಕು.

ಇಷ್ಟಾದರೂ ಗೋಡೆಯ ಪ್ಲಗ್ಗಿನ ಕಡೆಯಿಂದ ಬರುವ ಅಪಾಯವು ಉಳಿದೇ ಇರುವದು. ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿಯು ಕಡಿದರೆ, ೨೩೦ ಇರಬೇಕಾದಲ್ಲಿ ಕೆಲವು ಮನೆಗಳಿಗೆ ೩೦೦ಕ್ಕೂ ಮೀರಿ ಬರುವದುಂಟು. ಸರ್ಜ್ ತಡೆಯುವ ವ್ಯಾರಿಸ್ಟರುಗಳು ಕ್ಷಣಿಕವಾದ ಏಟನ್ನು ತಾಳಿಕೊಳ್ಳುವವೇ ಹೊರತು, ನಿಮಿಷಗಟ್ಟಲೆ ನಿಲ್ಲುವ ಏರಿಕೆಯನ್ನು ತಾಳವು. ಅದಕ್ಕೆ ವೋಲ್ಟೇಜು ಮೀರಿದಾಗ ತಾನೇ ಕಡಿದುಹಾಕುವ ರಿಲೇಯನ್ನು ಇಡುವದು ಲೇಸು. ಸಿಡಿಲಿಗಾದರೋ ಯಾವ ಸಾಧನವನ್ನೂ ಪೂರ್ತಿ ನಂಬಬಾರದು. ಮೋಡ ಕವಿಯುವ ಮೊದಲೇ ಪ್ಲಗ್ಗನ್ನೂ ಆಂಟೆನಾದ ತಂತಿಯನ್ನೂ ಕಿತ್ತಿಡಬೇಕು.

ಕಡೆಯದಾಗಿ ಒಂದು ಮಾತನ್ನು ಹೇಳದೆ ಮುಗಿಸಿದರೆ ಈ ಲೆಕ್ಕವು ಪೂರ್ತಿಯಾಗದು. ಆ ಸಾಯಂಕಾಲ ಯಂತ್ರದ ಮುಂದೆ ಕುಳಿತಿದ್ದವಳು ಒಂಭತ್ತನೆಯ ತರಗತಿಯ ಹುಡುಗಿ. ಸುಟ್ಟ ವಾಸನೆ ಬಂದ ಕೂಡಲೇ ಅವಳು ಸ್ವಿಚ್ಚನ್ನು ಆರಿಸಿ, ಓಡಿಬಂದು ನಮಗೆ ತಿಳಿಸಿದಳು. ನಾವು ಮೊದಲು ಕೇಳಿದ್ದು, "ಏನನ್ನು ಮುಟ್ಟಿದೆ?" ಎಂದು. ಅವಳು ಅಳುತ್ತ, "ನನ್ನಿಂದಲೇ ಆಯಿತೇನೋ ಅಮ್ಮ" ಎಂದಳು. ಎರಡು ವಾರ ಆ ಕೋಣೆಯ ಕಡೆಗೆ ಬರಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿದಾಗ, ತಪ್ಪು ಅವಳದಾಗಿರದೆ, ಅದನ್ನು ಗಾಳಿಯಿಲ್ಲದ ಕಪಾಟಿನಲ್ಲಿ ಇಡಿಸಿ, ಕಾವಲಿಲ್ಲದೆ ನಡಿಸಿದ ನಮ್ಮದಾಗಿತ್ತು. ಅದನ್ನು ಅವಳಿಗೆ ಎಲ್ಲರೆದುರಿನಲ್ಲಿ ಹೇಳಿದೆವು. ನಿಮಗೂ ಇಲ್ಲಿ ಹೇಳುತ್ತೇವೆ.

ಯಂತ್ರವನ್ನು ದುರಸ್ತಿ ಮಾಡಿಸಿಯಾಗಿದೆ. ಅದರ ಪವರ್ ಸಪ್ಲೈಗೆ ಹೊಸ ಕ್ರೋಬಾರನ್ನು ಬೆಸುಗೆ ಹಾಕಿದವಳು ಅದೇ ಹುಡುಗಿಯೇ. ೧೫.೧ ವೋಲ್ಟಿಗೆ ಅದು ಕುಸಿಯುವದೆಂದು ಅವಳು ತನ್ನ ಕೈಯಿಂದ ಬರೆದ ಚೀಟಿಯು ಪೆಟ್ಟಿಗೆಯ ಮೇಲೆ ಅಂಟಿಸಲ್ಪಟ್ಟಿದೆ. ನೀವು ಶಾಲೆಗೆ ಬಂದಾಗ ಅದನ್ನು ನೋಡಬೇಕೆಂದು ಕೋರುತ್ತೇವೆ.