ಎಕ್ಸೆಲ್ ಶೀಟ್ ಇತ್ತು, ತಾಯಿ ಕಾರ್ಡ್ ಇರಲಿಲ್ಲ

ಐದು ದಿನದ ಮಗಳನ್ನು ಹನೂರಿನಿಂದ ಕೊಳ್ಳೇಗಾಲಕ್ಕೆ, ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋದ ದಿನ ನನ್ನ ಫೋನಲ್ಲಿ ಎಕ್ಸೆಲ್ ಶೀಟ್ ರೆಡಿ ಇತ್ತು: ಎಷ್ಟೊತ್ತಿಗೆ ಹಾಲು, ಎಷ್ಟು ನಿಮಿಷ ನಿದ್ದೆ. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿದ್ದನ್ನು ಬರೆದಿದ್ದ ತಾಯಿ ಕಾರ್ಡ್ ಮಾತ್ರ ಬೀರುವಿನಲ್ಲೇ ಉಳಿದಿತ್ತು.

ಹುಟ್ಟಿದಾಗ 3 ಕೆಜಿ ಇದ್ದವಳು 2.8ಕ್ಕೆ ಇಳಿದಿದ್ದಳು. 'ನನ್ನ ಹಾಲು ಸಾಲ್ತಿಲ್ವಾ?' ಅಂತ ಹೆಂಡತಿ ಕಣ್ಣು ತುಂಬಿಕೊಂಡಳು. ಡಾಕ್ಟರ್ ಕೇಳಿದ್ದು ಒಂದೇ, 'ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?' ನನ್ನ ಶೀಟಲ್ಲಿ ಆ ಕಾಲಮ್ಮೇ ಇಲ್ಲ!

ಹಿಂದಿನಿಂದ ಅತ್ತೆ, 'ಏಳೆಂಟು ಸಲ ಬಟ್ಟೆ ಬದ್ಲಾಯಿಸ್ತೀನಿ ಸಾ' ಅಂದರು.

'ಹಾಗಾದ್ರೆ ಹಾಲು ಸಾಲ್ತಿದೆ.' ಮೊದಲ ದಿನಗಳಲ್ಲಿ ಶೇ. 10ರವರೆಗೆ ತೂಕ ಇಳಿಯುವುದು ಸಾಮಾನ್ಯವಂತೆ. ಎರಡು ವಾರದೊಳಗೆ ಹೆಚ್ಚಿನ ಮಕ್ಕಳು ಹುಟ್ಟಿದಾಗಿನ ತೂಕಕ್ಕೆ ಮರಳುತ್ತವೆ.

ಹಾಗಾಗಿ ಕಾರ್ಡು, ಎರಡು ಜೊತೆ ಬಟ್ಟೆ, ಬರೆದಿಟ್ಟ ಪ್ರಶ್ನೆಗಳ ಜೊತೆ, ಮಗುವನ್ನು ನಿಜವಾಗಿ ನೋಡಿಕೊಳ್ಳುವವರನ್ನೂ ಕರೆದೊಯ್ಯಿರಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಅಂಗೈ ಅಂಗಾಲು ಹಳದಿಯಾದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, ಆಗಲೇ ಹೊರಡಿ.

ಆರನೇ ವಾರಕ್ಕೆ ಪೆಂಟಾವೇಲೆಂಟ್ ಚುಚ್ಚುಮದ್ದು, ರೋಟಾ ಹನಿ ಇದೆ. ಈ ಸಲ ಕಾರ್ಡನ್ನು ಅತ್ತೆ ತಮ್ಮ ಬ್ಯಾಗಿಗೇ ಹಾಕಿಕೊಂಡಿದ್ದಾರೆ.