ಬೆಳೆ ರೋಗ ಗುರುತಿಸುವ ಗಣಕ ನಿಯಮಗಳು: ತಪ್ಪು ಹುಡುಕುವ ಬಗೆ

ಭತ್ತದ ಎಲೆಯ ಮೇಲೆ ಕಾಣುವ ಕಂದು ಚುಕ್ಕೆಗಳೆಲ್ಲ ಒಂದೇ ರೋಗದ ಚಿಹ್ನೆಗಳಲ್ಲ. ಬೆಂಕಿ ರೋಗದ ಚುಕ್ಕೆಗಳು ಎರಡೂ ತುದಿಗಳಲ್ಲಿ ಚೂಪಾಗಿದ್ದು, ನಡುವೆ ಬೂದಿ ಬಣ್ಣವನ್ನೂ ಅಂಚಿನಲ್ಲಿ ಕಂದು ಬಣ್ಣವನ್ನೂ ಹೊಂದಿರುತ್ತವೆ. ಕಂದು ಚುಕ್ಕೆ ರೋಗದಲ್ಲಿ ಅವು ಎಳ್ಳಿನ ಕಾಳಿನಂತೆ ಅಂಡಾಕಾರವಾಗಿರುತ್ತವೆ. ಸತುವಿನ ಕೊರತೆಯಾದರೆ ನಾಟಿ ಮಾಡಿದ 2ರಿಂದ 4 ವಾರಗಳಲ್ಲಿ ಕೆಳಗಿನ ಎಲೆಗಳ ಮೇಲೆ ತುಕ್ಕು ಬಣ್ಣದ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ತರಾಯಿ ಪ್ರದೇಶದಲ್ಲಿ ‘ಖೈರಾ’ ಎಂದು ಕರೆಯಲಾಗುತ್ತಿದ್ದ ಭತ್ತದ ಬಾಧೆಗೆ ರೋಗಾಣು ಕಾರಣವಲ್ಲ, ಸತುವಿನ ಕೊರತೆಯೇ ಕಾರಣ ಎಂಬುದನ್ನು ಪಂತನಗರದ ವಿಜ್ಞಾನಿ ಡಾ. ವೈ. ಎಲ್. ನೆನೆಯವರು 1960ರ ದಶಕದಲ್ಲಿ ತೋರಿಸಿಕೊಟ್ಟರು.

ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಬೆಂಕಿ ರೋಗ ಕಂಡಾಗ ಸಾರಜನಕದ ಮೇಲುಗೊಬ್ಬರವನ್ನು ತಡೆಹಿಡಿಯಬೇಕು. ಸಾರಜನಕ ಹೆಚ್ಚಿದಷ್ಟೂ ಈ ರೋಗ ಉಲ್ಬಣಿಸುತ್ತದೆ. ಕಂದು ಚುಕ್ಕೆ ರೋಗ ಇದಕ್ಕೆ ವಿರುದ್ಧ. ಅದು ಸಾರ ಕಳೆದುಕೊಂಡ ಗದ್ದೆಗಳಲ್ಲಿ ಹೆಚ್ಚು. ಅಲ್ಲಿ ಸಾರಜನಕ, ಪೊಟ್ಯಾಷ್ ಸೇರಿದ ಸಮತೋಲನ ಗೊಬ್ಬರವೇ ಮೊದಲ ಚಿಕಿತ್ಸೆ. ಸತುವಿನ ಕೊರತೆಗೆ ಎಕರೆಗೆ 8ರಿಂದ 10 ಕಿಲೋಗ್ರಾಂ ಸತುವಿನ ಸಲ್ಫೇಟ್ ಸಾಕಾಗುತ್ತದೆ. ಆದುದರಿಂದ ರೋಗದ ಹೆಸರು ತಪ್ಪಿದರೆ ಕೇವಲ ಹೆಸರು ತಪ್ಪಿದಂತಲ್ಲ. ಬೆಂಕಿ ರೋಗದ ಗದ್ದೆಗೆ ಕಂದು ಚುಕ್ಕೆಯ ಸಲಹೆ ಸಿಕ್ಕಿ ಒಂದು ಚೀಲ ಯೂರಿಯಾ ಬಿದ್ದರೆ, ತೆನೆ ಹೊರಬರುವ ಹೊತ್ತಿಗೆ ಅದರ ಫಲ ಗೊತ್ತಾಗುತ್ತದೆ.

ಇಂತಹ ಗುರುತಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ಮನುಷ್ಯರ ರಕ್ತದ ಸೋಂಕುಗಳಿಗಾಗಿ ‘ಮೈಸಿನ್’ ಎಂಬ ವ್ಯವಸ್ಥೆ ರೂಪುಗೊಂಡಿತು. ಇಲಿನಾಯ್ ವಿಶ್ವವಿದ್ಯಾನಿಲಯದ ಮೈಕಾಲ್ಸ್ಕಿ ಮತ್ತು ಚಿಲಾಸ್ಕಿ ಅವರು ಸೋಯಾ ಅವರೆಯ 15 ರೋಗಗಳನ್ನು ಗುರುತಿಸುವ ನಿಯಮಗಳ ಬಗ್ಗೆ 1980ರಲ್ಲಿ ಪ್ರಕಟಿಸಿದರು. ಇವುಗಳನ್ನು ತಜ್ಞ ವ್ಯವಸ್ಥೆಗಳೆಂದು ಕರೆಯುತ್ತಾರೆ. ಇಂದು ಮೊಬೈಲ್ ಫೋನಿನಲ್ಲಿ ಎಲೆಯ ಚಿತ್ರ ನೋಡಿ ರೋಗ ಹೇಳುವ ತಂತ್ರಗಳೂ ಬಂದಿವೆ; ಅವುಗಳ ಮಾರ್ಗ ಬೇರೆ. ತಜ್ಞ ವ್ಯವಸ್ಥೆಯಲ್ಲಿ ಪ್ರತಿಯೊಂದು ನಿಯಮವನ್ನೂ ಮನುಷ್ಯರು ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು. ಅದರ ಪ್ರಯೋಜನ ಇರುವುದೇ ಅಲ್ಲಿ. ಆದರೆ ತಿದ್ದಬೇಕಾದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗಬೇಕು.

ನಿಯಮ ಕೆಲಸ ಮಾಡುವ ರೀತಿ

ತಜ್ಞ ವ್ಯವಸ್ಥೆಯಲ್ಲಿ ಎರಡು ಭಾಗಗಳಿರುತ್ತವೆ. ಒಂದು ಸಂಗತಿಗಳ ಪಟ್ಟಿ; ಅಂದರೆ ಗದ್ದೆಯಲ್ಲಿ ಕಂಡದ್ದು. ಇನ್ನೊಂದು ನಿಯಮಗಳ ಪಟ್ಟಿ. ‘ಚುಕ್ಕೆಯ ಆಕಾರ ಕದಿರಿನಂತಿದ್ದು, ನಡುವಿನ ಬಣ್ಣ ಬೂದಿಯಾಗಿದ್ದು, ಅಂಚು ಕಂದಾಗಿದ್ದರೆ, ಅದು ಬೆಂಕಿ ರೋಗ’ ಎಂಬುದು ಒಂದು ನಿಯಮ. ಇದರಲ್ಲಿ ಮೂರು ಷರತ್ತುಗಳಿವೆ. ಪ್ರತಿ ಷರತ್ತೂ ಒಂದು ಅಚ್ಚು ಇದ್ದಂತೆ. ಸಂಗತಿಗಳನ್ನು ಒಂದೊಂದಾಗಿ ಆ ಅಚ್ಚಿಗೆ ಹೊಂದಿಸಿ ನೋಡಲಾಗುತ್ತದೆ. ಮೂರಕ್ಕೂ ಸಂಗತಿ ಹೊಂದಿದರೆ ಮಾತ್ರ ನಿಯಮ ಜಾರಿಗೆ ಬರುತ್ತದೆ. ಎರಡು ಹೊಂದಿ ಒಂದು ಹೊಂದದಿದ್ದರೆ ಏನೂ ಆಗುವುದಿಲ್ಲ.

‘ಏನೂ ಆಗುವುದಿಲ್ಲ’ ಎಂಬುದೇ ಇಲ್ಲಿನ ದೊಡ್ಡ ತೊಡಕು. ಪಂಪ್‌ಸೆಟ್ ಕೆಟ್ಟರೆ ನೀರು ನಿಲ್ಲುತ್ತದೆ, ತಕ್ಷಣ ತಿಳಿಯುತ್ತದೆ. ನಿಯಮ ಹೊಂದದೆ ಹೋದರೆ ಯಂತ್ರವು ತಪ್ಪಾಯಿತೆಂದು ಹೇಳುವುದಿಲ್ಲ. ಮುಂದಿನ ಯಾವುದೋ ನಿಯಮ, ಷರತ್ತು ಕಡಿಮೆ ಇರುವಂಥದು, ಅದರ ಜಾಗಕ್ಕೆ ಬಂದು ತನ್ನ ಉತ್ತರವನ್ನು ಅಷ್ಟೇ ಧೈರ್ಯದಿಂದ ಕೊಡುತ್ತದೆ.

ಪದ ಒಂದಾಗಬೇಕು

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮೇಲಿನ ನಿಯಮದಲ್ಲಿ ‘ಕದಿರಿನಾಕಾರ’ ಎಂದು ಬರೆದಿದೆ. ಗ್ರಾಮ ಸೇವಕರು ತುಂಬಿದ ಹಾಳೆಯಲ್ಲಿ ‘ವಜ್ರಾಕಾರ’ ಎಂದಿದೆ. ಇನ್ನೊಬ್ಬರು ‘ಕಣ್ಣಿನಾಕಾರ’ ಎಂದಿದ್ದಾರೆ. ಮೂರೂ ಒಂದೇ ಚುಕ್ಕೆಯ ವರ್ಣನೆ ಎಂಬುದು ಭತ್ತ ಬೆಳೆದವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಬೆಂಕಿ ರೋಗದ ನಿಯಮ ಸುಮ್ಮನಾಗುತ್ತದೆ. ‘ಎಲೆಯ ಮೇಲೆ ಕಂದು ಚುಕ್ಕೆ ಇದ್ದರೆ ಕಂದು ಚುಕ್ಕೆ ರೋಗ’ ಎಂಬ ಸಡಿಲವಾದ ನಿಯಮ ಜಾರಿಗೆ ಬರುತ್ತದೆ. ಯೂರಿಯಾ ಸಲಹೆ ಹೊರಬೀಳುವುದು ಹೀಗೆ.

ಇದಕ್ಕೆ ತಕ್ಕ ಉಪಾಯವೆಂದರೆ ಉತ್ತರವನ್ನು ಬರೆಯಲು ಬಿಡದೆ, ಕೊಟ್ಟಿರುವ ಕೆಲವೇ ಪದಗಳಲ್ಲಿ ಆರಿಸಲು ಹೇಳುವುದು. ಸಾಧ್ಯವಾದರೆ ಪಕ್ಕದಲ್ಲಿ ಚಿತ್ರವೂ ಇರಬೇಕು. ಕಾಗುಣಿತದ ವ್ಯತ್ಯಾಸ, ಪದದ ಕೊನೆಯಲ್ಲಿ ಉಳಿದ ಖಾಲಿ ಜಾಗ, ಇವೂ ಹೊಂದಾಣಿಕೆಯನ್ನು ಕೆಡಿಸುತ್ತವೆ. ಸಂಖ್ಯೆಗಳಲ್ಲಿಯೂ ಎಚ್ಚರಿಕೆ ಬೇಕು. ನಾಸಾ ಸಂಸ್ಥೆಯ ಜಾನ್ಸನ್ ಕೇಂದ್ರದಲ್ಲಿ 1985ರಲ್ಲಿ ಆರಂಭವಾದ ‘ಕ್ಲಿಪ್ಸ್’ ಎಂಬ ತಜ್ಞ ವ್ಯವಸ್ಥೆಯ ಭಾಷೆಯಲ್ಲಿ ಷರತ್ತು 25 ಎಂದಿದ್ದು ಸಂಗತಿ 25.0 ಎಂದಿದ್ದರೆ ಎರಡೂ ಹೊಂದುವುದಿಲ್ಲ. ರೈತರಿಗೆ ಎರಡೂ ಒಂದೇ ಇಪ್ಪತ್ತೈದು!

ಎಲ್ಲಿ ನಿಂತಿತು ಎಂದು ನೋಡುವುದು

ಹೊಂದದ ನಿಯಮವನ್ನು ಸುಮ್ಮನೆ ಓದುತ್ತ ಕುಳಿತರೆ ತಪ್ಪು ಸಿಗುವುದು ಕಷ್ಟ. ಬರೆದವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಕ್ಲಿಪ್ಸ್‌ನಲ್ಲಿ ‘ಮ್ಯಾಚಸ್’ ಎಂಬ ಆಜ್ಞೆ ಇದೆ. ನಿಯಮದ ಹೆಸರನ್ನು ಕೊಟ್ಟರೆ, ಮೊದಲ ಷರತ್ತಿಗೆ ಯಾವ ಸಂಗತಿಗಳು ಹೊಂದಿವೆ, ಎರಡನೆಯದಕ್ಕೆ ಯಾವುವು, ಮೊದಲೆರಡು ಸೇರಿದಾಗ ಎಷ್ಟು ಉಳಿದವು, ಮೂರೂ ಸೇರಿದಾಗ ಎಷ್ಟು ಉಳಿದವು ಎಂಬುದನ್ನು ಹಂತ ಹಂತವಾಗಿ ತೋರಿಸುತ್ತದೆ. ಒಂದರ ಕೆಳಗೊಂದು ಜರಡಿ ಇಟ್ಟು ಕಾಳು ಸೋಸಿದಂತೆ. ಯಾವ ಜರಡಿಯ ಕೆಳಗೆ ಏನೂ ಬೀಳಲಿಲ್ಲವೋ ತಪ್ಪನ್ನು ಅಲ್ಲಿಂದ ಹುಡುಕಬೇಕು. ಮೇಲಿನ ಉದಾಹರಣೆಯಲ್ಲಿ ಬಣ್ಣ, ಅಂಚು ಎರಡಕ್ಕೂ ಸಂಗತಿ ಸಿಕ್ಕಿ, ಆಕಾರದ ಮುಂದೆ ಮಾತ್ರ ‘ಇಲ್ಲ’ ಎಂದು ಬರುತ್ತದೆ. ಅರ್ಧ ನಿಮಿಷದ ಕೆಲಸ.

ಹೀಗೆ ಅರ್ಧ ಹೊಂದಿದ ಲೆಕ್ಕವನ್ನು ಯಂತ್ರವು ಮೊದಲೇ ಇಟ್ಟುಕೊಂಡಿರುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಫಾರ್ಗಿ ಅವರು 1970ರ ದಶಕದಲ್ಲಿ ರೂಪಿಸಿದ ‘ರೀಟಿ’ ವಿಧಾನ ಇದಕ್ಕೆ ಆಧಾರ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಬಲೆ ಎಂದು ಅರ್ಥ. ಒಂದು ಸಂಗತಿ ಬದಲಾದಾಗ ಎಲ್ಲ ನಿಯಮಗಳನ್ನೂ ಮೊದಲಿನಿಂದ ಪರೀಕ್ಷಿಸದೆ, ಆ ಸಂಗತಿ ತಾಗುವ ಎಳೆಗಳನ್ನು ಮಾತ್ರ ನೋಡಿದರೆ ಸಾಕಾಗುತ್ತದೆ.

‘ವಾಚ್’ ಎಂಬ ಇನ್ನೊಂದು ಆಜ್ಞೆಯಿಂದ ಯಾವ ಸಂಗತಿ ಯಾವಾಗ ಸೇರಿತು, ಯಾವ ನಿಯಮ ಯಾವಾಗ ಜಾರಿಯಾಯಿತು ಎಂಬ ದಿನಚರಿ ಸಿಗುತ್ತದೆ. ನಿಯಮ ಜಾರಿಯಾಗದಿದ್ದಾಗ ಮೊದಲನೆಯದು, ಬೇಡವಾದ ನಿಯಮ ಜಾರಿಯಾದಾಗ ಎರಡನೆಯದು ಹೆಚ್ಚು ಉಪಯುಕ್ತ.

ಒಬ್ಬರ ಗದ್ದೆ, ಇನ್ನೊಬ್ಬರ ಚುಕ್ಕೆ

ಮೇಲೆ ಹೇಳಿದ್ದು ನಿಯಮ ಹೊಂದದಿರುವ ತೊಂದರೆ. ಅತಿಯಾಗಿ ಹೊಂದುವ ತೊಂದರೆಯೂ ಇದೆ. ‘ಚುಕ್ಕೆ ಕದಿರಿನಾಕಾರವಾಗಿದ್ದು, ಸಾರಜನಕ ಶಿಫಾರಸಿಗಿಂತ ಹೆಚ್ಚು ಹಾಕಿದ್ದರೆ, ಮೇಲುಗೊಬ್ಬರ ನಿಲ್ಲಿಸಬೇಕು’ ಎಂಬ ನಿಯಮವಿದೆ ಎನ್ನೋಣ. ಒಂದೇ ಗದ್ದೆಯ ವಿವರ ಕೊಟ್ಟಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಹತ್ತು ರೈತರ ಗದ್ದೆಗಳ ವಿವರ ಒಟ್ಟಿಗೆ ಕೊಟ್ಟಾಗ ತೊಂದರೆ ಶುರುವಾಗುತ್ತದೆ. ಚುಕ್ಕೆ ಇರುವ ಗದ್ದೆ ಮತ್ತು ಸಾರಜನಕ ಹೆಚ್ಚಾದ ಗದ್ದೆ ಒಂದೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ಮೂರನೆಯ ಗದ್ದೆಯ ಚುಕ್ಕೆ ಏಳನೆಯ ಗದ್ದೆಯ ಯೂರಿಯಾ ಜೊತೆ ಸೇರಿ ನಿಯಮ ಜಾರಿಯಾಗುತ್ತದೆ.

ಬರೆದವರಿಗೆ ಅದು ಹೇಳಬೇಕಾದ ಮಾತೆಂದೇ ತೋರಿರುವುದಿಲ್ಲ. ಮನುಷ್ಯರ ಮಾತಿನಲ್ಲಿ ‘ಅದೇ ಗದ್ದೆ’ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ನಿಯಮದಲ್ಲಿ ಅದನ್ನು ಬರೆಯಬೇಕು. ಎರಡೂ ಷರತ್ತುಗಳಲ್ಲಿ ಗದ್ದೆಯ ಸಂಖ್ಯೆಗೆ ಒಂದೇ ಗುರುತು ಕೊಟ್ಟರೆ ಸರಿಹೋಗುತ್ತದೆ. ಈ ದೋಷವನ್ನು ಪತ್ತೆ ಮಾಡುವುದು ಸುಲಭ. ಹತ್ತು ಗದ್ದೆಗಳಲ್ಲಿಯೂ ಎರಡೂ ಲಕ್ಷಣ ಇದ್ದರೆ ಹತ್ತು ಹೊಂದಾಣಿಕೆ ಬರಬೇಕು. ನೂರು ಬಂದರೆ ಗದ್ದೆಗಳು ಕಲಸಿಹೋಗಿವೆ ಎಂದೇ ತಿಳಿಯಬೇಕು. ಒಂದೇ ಗದ್ದೆಯ ಉದಾಹರಣೆಯಿಂದ ನಿಯಮವನ್ನು ಪರೀಕ್ಷಿಸಿ ತೃಪ್ತಿಪಟ್ಟರೆ ಈ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ. ಕನಿಷ್ಠ ಎರಡು ಗದ್ದೆ ಕೊಟ್ಟು ನೋಡಬೇಕು.

ಇಲ್ಲ ಎಂಬುದಕ್ಕೂ ನೋಡಿಲ್ಲ ಎಂಬುದಕ್ಕೂ ಇರುವ ಅಂತರ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ದೋಷ ‘ಇಲ್ಲದಿದ್ದರೆ’ ಎಂಬ ಷರತ್ತಿನಲ್ಲಿ ಅಡಗಿರುತ್ತದೆ. ದುಂಡಾಣು ಎಲೆ ಅಂಗಮಾರಿ ರೋಗದಲ್ಲಿ ಎಲೆಯ ತುದಿ ಮತ್ತು ಅಂಚು ಒಣಗುತ್ತವೆ. ಪೊಟ್ಯಾಷ್ ಕೊರತೆಯಲ್ಲಿಯೂ ಹಳೆಯ ಎಲೆಗಳ ತುದಿ ಮತ್ತು ಅಂಚು ಹಳದಿಯಾಗಿ ಒಣಗುತ್ತವೆ. ಇವೆರಡನ್ನು ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದಿದೆ. ರೋಗ ತಗುಲಿದ ಎಲೆಯನ್ನು ಕತ್ತರಿಸಿ, ತುಂಡನ್ನು ಶುದ್ಧ ನೀರಿರುವ ಗಾಜಿನ ಲೋಟದಲ್ಲಿ ಇಟ್ಟರೆ, ದುಂಡಾಣು ಇದ್ದಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಒಸರು ಇಳಿಯುತ್ತದೆ.

ಈಗ ನಿಯಮವನ್ನು ‘ಎಲೆಯಂಚು ಒಣಗಿದ್ದು, ಒಸರು ಇಲ್ಲದಿದ್ದರೆ, ಪೊಟ್ಯಾಷ್ ಕೊರತೆ’ ಎಂದು ಬರೆದರೆ ಏನಾಗುತ್ತದೆ? ಯಂತ್ರಕ್ಕೆ ‘ಇಲ್ಲ’ ಎಂದರೆ ಪಟ್ಟಿಯಲ್ಲಿ ಆ ಸಂಗತಿ ಇಲ್ಲ ಎಂದಷ್ಟೇ ಅರ್ಥ. ಲೋಟದ ಪರೀಕ್ಷೆಯನ್ನು ಮಾಡದೆಯೇ ಇದ್ದರೂ ಷರತ್ತು ಹೊಂದುತ್ತದೆ. ಪರೀಕ್ಷೆಯ ಪ್ರಶ್ನೆಯನ್ನು ಕೇಳುವುದಕ್ಕೆ ಮೊದಲೇ ನಿಯಮ ಜಾರಿಯಾಗಿ ಉತ್ತರ ಹೊರಬೀಳುವುದೂ ಉಂಟು. ಅಂಗಮಾರಿ ಹಬ್ಬುತ್ತಿರುವ ಗದ್ದೆಯಿಂದ ಪಕ್ಕದ ಗದ್ದೆಗೆ ನೀರು ಹರಿಸದಂತೆ ತಡೆಯಬೇಕಾದ ಸಮಯದಲ್ಲಿ ರೈತರು ಗೊಬ್ಬರದ ಅಂಗಡಿಯಲ್ಲಿ ನಿಂತಿರುತ್ತಾರೆ.

ಆದ್ದರಿಂದ ಒಸರಿನ ಪ್ರಶ್ನೆಗೆ ‘ಕಂಡಿದೆ’, ‘ಪರೀಕ್ಷಿಸಿದೆ, ಕಂಡಿಲ್ಲ’, ‘ಪರೀಕ್ಷಿಸಿಲ್ಲ’ ಎಂದು ಮೂರು ಉತ್ತರಗಳಿರಬೇಕು. ಪೊಟ್ಯಾಷ್ ನಿಯಮವು ಎರಡನೆಯ ಉತ್ತರಕ್ಕೆ ಮಾತ್ರ ಹೊಂದಬೇಕು. ಮೂರನೆಯ ಉತ್ತರ ಬಂದರೆ ರೋಗದ ಹೆಸರು ಹೇಳುವ ಬದಲು ಲೋಟದ ಪರೀಕ್ಷೆ ಮಾಡಿ ಬರಲು ಹೇಳಬೇಕು. ಹಾಳೆ ತುಂಬುವ ಕಾರ್ಯಕರ್ತರೂ, ನೋಡದೆ ಇದ್ದುದಕ್ಕೆ ‘ಇಲ್ಲ’ ಎಂದು ಬರೆಯುವ ರೂಢಿಯನ್ನು ಬಿಡುವುದು ಒಳ್ಳೆಯದು.

ಸರದಿ ಮತ್ತು ಸುತ್ತು

ಒಂದೇ ಹೊತ್ತಿಗೆ ಎರಡು ಮೂರು ನಿಯಮಗಳು ಹೊಂದಿದಾಗ ಯಾವುದು ಮೊದಲು ಎಂಬ ಸರದಿ ಬೇಕಾಗುತ್ತದೆ. ನಿಯಮಗಳಿಗೆ ಆದ್ಯತೆಯ ಅಂಕ ಕೊಡುವ ಸೌಲಭ್ಯವಿದೆ. ಆದರೆ ತಪ್ಪು ಕಂಡಾಗಲೆಲ್ಲ ಆದ್ಯತೆಯನ್ನು ಏರಿಸುತ್ತ ಹೋಗುವುದು ನೋವಿನ ಮಾತ್ರೆ ನುಂಗಿದಂತೆ. ರೋಗ ಉಳಿದೇ ಇರುತ್ತದೆ. ಸಡಿಲವಾದ ನಿಯಮಕ್ಕೆ ಸರಿಯಾದ ಷರತ್ತು ಸೇರಿಸುವುದೇ ಮೇಲು. ಇನ್ನು, ಒಂದು ನಿಯಮವು ತಾನೇ ನೋಡುವ ಸಂಗತಿಯನ್ನು ತಾನೇ ಬದಲಿಸಿದರೆ, ಬದಲಾದದ್ದು ಹೊಸ ಸಂಗತಿಯಾಗಿ ಮತ್ತೆ ಹೊಂದುತ್ತದೆ. ಗಾಣದ ಎತ್ತಿನಂತೆ ಸುತ್ತು ನಿಲ್ಲುವುದಿಲ್ಲ. ಕೆಲಸ ಮುಗಿದಿದೆ ಎಂಬ ಒಂದು ಗುರುತನ್ನು ಸೇರಿಸಿ, ಅದು ಇದ್ದರೆ ನಿಯಮ ಹೊಂದದಂತೆ ಮಾಡಬೇಕು.

ಗೊತ್ತಿರುವ ಗದ್ದೆಗಳಿಂದ ಪರೀಕ್ಷೆ

ಸೋಯಾ ಅವರೆಯ ಪ್ರಯೋಗದಲ್ಲಿ ಒಂದು ಸ್ವಾರಸ್ಯವಿದೆ. ರೋಗಶಾಸ್ತ್ರ ತಜ್ಞರನ್ನು ಕೇಳಿ ಬರೆದ ನಿಯಮಗಳು ಒಂದು ಕಡೆ. 290 ಗಿಡಗಳ ದಾಖಲೆಗಳಿಂದ ಯಂತ್ರವೇ ಕಂಡುಕೊಂಡ ನಿಯಮಗಳು ಇನ್ನೊಂದು ಕಡೆ. ಬೇರೆ 340 ಗಿಡಗಳ ಮೇಲೆ ಎರಡನ್ನೂ ಪರೀಕ್ಷಿಸಿದಾಗ ತಜ್ಞರ ನಿಯಮಗಳು ಸುಮಾರು ಶೇಕಡಾ 72ರಷ್ಟು, ಯಂತ್ರದ ನಿಯಮಗಳು ಸುಮಾರು ಶೇಕಡಾ 98ರಷ್ಟು ಸರಿಯಾದ ಉತ್ತರ ಕೊಟ್ಟವು. ಇದರಿಂದ ತಜ್ಞರಿಗೆ ರೋಗ ಗೊತ್ತಿರಲಿಲ್ಲ ಎಂದು ತಿಳಿಯಬಾರದು. ಗಿಡ ನೋಡಿ ಗುರುತಿಸುವವರು ತಾವು ಏನನ್ನು ನೋಡುತ್ತೇವೆ ಎಂಬುದನ್ನು ಪೂರ್ತಿಯಾಗಿ ಮಾತಿನಲ್ಲಿ ಹೇಳುವುದು ಕಷ್ಟ. ಹೇಳದೆ ಉಳಿದದ್ದು ನಿಯಮದಲ್ಲಿ ದೋಷವಾಗಿ ಕೂರುತ್ತದೆ.

ಆದುದರಿಂದ ಪ್ರಯೋಗಾಲಯದಲ್ಲಿ ರೋಗ ಖಚಿತವಾದ ಗದ್ದೆಗಳ ದಾಖಲೆಗಳನ್ನು ಕೂಡಿಟ್ಟು, ನಿಯಮವನ್ನು ತಿದ್ದಿದಾಗಲೆಲ್ಲ ಅವೆಲ್ಲವನ್ನೂ ಮತ್ತೆ ಓಡಿಸಿ ನೋಡಬೇಕು. ಬೆಂಕಿ ರೋಗದ ನಿಯಮವನ್ನು ಸಡಿಲಗೊಳಿಸಿದರೆ ಕಂದು ಚುಕ್ಕೆಯ ಗದ್ದೆಗಳು ಅದರೊಳಕ್ಕೆ ನುಸುಳುವ ಸಂಭವವಿದೆ. ಯಂತ್ರದ ಉತ್ತರ ತಪ್ಪೆಂದು ರೈತರಿಗೆ ತೋರಿದಾಗ ‘ಸರಿ ಬರಲಿಲ್ಲ’ ಎಂದಷ್ಟೇ ತಿಳಿಸಿದರೆ ಪ್ರಯೋಜನ ಕಡಿಮೆ. ತಳಿ, ನಾಟಿ ಮಾಡಿದ ದಿನಾಂಕ, ಹಾಕಿದ ಗೊಬ್ಬರದ ಪ್ರಮಾಣ, ಪ್ರತಿ ಪ್ರಶ್ನೆಗೂ ಕೊಟ್ಟ ಉತ್ತರ ಮತ್ತು ಯಂತ್ರ ಹೇಳಿದ ಹೆಸರು, ಇಷ್ಟನ್ನು ಬರೆದು, ರೋಗ ತಗುಲಿದ ನಾಲ್ಕಾರು ಎಲೆಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದ ಎಲೆಗಳು ದಾರಿಯಲ್ಲೇ ಕೊಳೆಯುತ್ತವೆ.